ಗೂಬೆಗಲ್ಲಿನ ಗಿಡುಗದ ಲೆಕ್ಕ

ಗೂಬೆಗಲ್ಲು ಎಂಬ ಹೆಸರಿನ ಬೆಟ್ಟದ ಮೇಲೆ ಕೂತು ಗಿಡುಗ ಎಣಿಸುವುದೇ ಒಂದು ತಮಾಷೆ. ಅಲ್ಲಿ ಗೂಬೆಯನ್ನು ಕಂಡವರು ಯಾರೂ ಇಲ್ಲ. ಬೆಟ್ಟ ಎನ್ನುವುದೂ ಸ್ವಲ್ಪ ಉದಾರವಾದ ಮಾತೇ. ಪೀಣ್ಯದ ಕಾರ್ಖಾನೆಗಳ ಶೀಟುಗಳು ಮುಗಿದು, ತುಮಕೂರು ರಸ್ತೆಯಾಚೆ ಹೊಸ ಬಡಾವಣೆಗಳ ಗಡಿಕಲ್ಲುಗಳು ಶುರುವಾಗುವ ಕಡೆ, ಕ್ವಾರಿಯವರು ಅರ್ಧ ತಿಂದು ಅರ್ಧ ಎಂಜಲು ಬಿಟ್ಟ ಉದ್ದನೆಯ ಕಲ್ಲಿನ ಬೆನ್ನು ಅದು. ಆದರೆ ದಸರೆ ಕಳೆದು ಮಳೆ ಹಿಂತೆಗೆದ ಮೇಲೆ ಉತ್ತರದಿಂದ ವಲಸೆ ಬರುವ ಗಿಡುಗಗಳಿಗೆ ಅದೇ ಹೆದ್ದಾರಿ. ಒಂಬತ್ತು ಗಂಟೆಯ ಹೊತ್ತಿಗೆ ಕಾರ್ಖಾನೆಗಳ ಶೀಟು ಕಾದು ಬಿಸಿಗಾಳಿ ಮೇಲೇಳುತ್ತದೆ. ಗಿಡುಗಗಳು ರೆಕ್ಕೆ ಬಡಿಯುವ ಕಷ್ಟವೂ ಇಲ್ಲದೆ ಆ ಗಾಳಿಯಲ್ಲಿ ಸುತ್ತುತ್ತ ಸುತ್ತುತ್ತ ಏರಿ, ದಕ್ಷಿಣಕ್ಕೆ ಜಾರಿಕೊಳ್ಳುತ್ತವೆ. ಪೀಣ್ಯದಲ್ಲಿ ಯಾರಿಗಾದರೂ ಬಿಟ್ಟಿ ಲಿಫ್ಟು ಸಿಗುವುದಿದ್ದರೆ ಅದು ಈ ಹಕ್ಕಿಗಳಿಗೆ ಮಾತ್ರ.

ಎಣಿಸುವವರು ಇಬ್ಬರು. ಒಬ್ಬರು ಲಕ್ಷ್ಮಣಪ್ಪ. ಪೀಣ್ಯ ಎರಡನೇ ಹಂತದ ಗೇರು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮಾಲು ತಪಾಸಣೆ ಮಾಡಿ ನಿವೃತ್ತರಾದವರು. ಗೇರು ಎಂದರೆ ಹುರಿದು ತಿನ್ನುವ ಗೇರಲ್ಲ, ಹಲ್ಲಿದ್ದೂ ಕಚ್ಚಲಾಗದ ಕಬ್ಬಿಣದ ಗೇರು. ಇನ್ನೊಬ್ಬಳು ವೇಣಿ. ಅವರ ಕೈಕೆಳಗೆ ಕೆಲಸ ಕಲಿತು ಈಗ ಅವರದೇ ಮೇಜಿನಲ್ಲಿ ಕೂತವಳು. ಅವಳ ಶಿಫ್ಟು ಮಧ್ಯಾಹ್ನ ಎರಡಕ್ಕೆ, ಹಾಗಾಗಿ ಬೆಳಗಿನ ಆಕಾಶವೆಲ್ಲ ಅವಳದೇ. ಕ್ಯಾಂಟೀನಿನಲ್ಲಿ ಮೇಲಧಿಕಾರಿಗಳ ದನಿ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಲಕ್ಷ್ಮಣಪ್ಪನವರ ಮೂಗುದನಿಯಲ್ಲಿ "ಏನಮ್ಮಾ, ಮೈಕ್ರಾನ್ ಅಂದ್ರೆ ಏನ್ ಮೈಸೂರ್‌ಪಾಕಾ, ಕೈಗ್ ಬಂದಷ್ಟು ಕತ್ತರ್ಸಕ್ಕೆ?" ಎಂದು ಅವಳು ಗದರುತ್ತಿದ್ದಾಗ ಹಿಂದೆಯೇ ನಿಂತಿದ್ದ ಲಕ್ಷ್ಮಣಪ್ಪನವರು, "ಕೊನೇಲಿ ಒಂದು ಕೆಮ್ಮು ಬಿಟ್ಟೋಯ್ತು ನೋಡು" ಎಂದು ತಿದ್ದಿದ್ದರು. ಅವತ್ತಿನಿಂದ ಅವರು ಅವಳಿಗೆ ಗುರು.

ಬೆಟ್ಟದ ಮೇಲೂ ಗುರುಗಳ ಕಾಯಿದೆ ಕಾರ್ಖಾನೆಯದೇ. ಅಲ್ಲಿ ಕೊನೆಯ ತಪಾಸಣೆಗೆ ಎರಡು ಸಹಿ ಬೇಕು, ಇಲ್ಲಿ ಪ್ರತಿ ಹಕ್ಕಿಗೂ ಎರಡು ಜೊತೆ ಕಣ್ಣು ಬೇಕು. "ಇಬ್ರೂ ಕಂಡ್ರೆ ಹಕ್ಕಿ, ಒಬ್ರೇ ಕಂಡ್ರೆ ಕಲ್ಪನೆ" ಎನ್ನುವುದು ಅವರ ಮಾತು. ಅದಕ್ಕೆ ಕಾರಣವೂ ಇತ್ತು. ಸುತ್ತಮುತ್ತ ಕಸದ ರಾಶಿ ಬೆಳೆದಂತೆ ಊರ ಹದ್ದುಗಳ ಸಂಖ್ಯೆ ಹದ್ದು ಮೀರಿತ್ತು. ದೂರದಲ್ಲಿ ಹಾರುವ ಊರ ಹದ್ದನ್ನೂ ಪರವೂರ ಗಿಡುಗವನ್ನೂ ಬೇರೆ ಮಾಡುವುದೇ ಎಣಿಕೆಯ ಅರ್ಧ ಕೆಲಸ.

ಕೆಳಗಿನ ಬಡಾವಣೆಯ ಕಾವಲುಗಾರ ಮಲಕಪ್ಪ ದಿನವೂ ಟೀ ಕುಡಿಯಲು ಮೇಲೆ ಬರುತ್ತಿದ್ದ. ಯಾದಗಿರಿ ಕಡೆಯವನು. ಊರಲ್ಲಿ ಕುರಿ ಕಾಯುತ್ತಿದ್ದವನು, ಇಲ್ಲಿ ಸೈಟು ಕಾಯುತ್ತಿದ್ದ.

"ಕುರಿ ಆದ್ರ ಓಡಿ ಹೋಗ್ತಾವ್ರಿ. ಸೈಟ್ ಎಲ್ಲಿ ಓಡ್ತಾವ ಅಂತ ಬಂದೆ. ಬೆಂಗಳೂರಾಗ ಸೈಟ್‌ನೂ ಹೊಡಕೊಂಡ್ ಹೋಗ್ತಾರಂತಲ್ರಿ!" ಎನ್ನುತ್ತಿದ್ದ. ವಲಸೆ ಹಕ್ಕಿಗಳ ಲೆಕ್ಕವೆಂದು ತಿಳಿದ ದಿನ ಎದೆಯುಬ್ಬಿಸಿ ನಿಂತು, "ಹಂಗಾರ ನನ್ನೂ ಬರ್ಕೊಳ್ರಿ ಸಾಹೇಬ್ರ. ನಾನೂ ಉತ್ತರದಿಂದ ಬಂದಾಂವ" ಎಂದಿದ್ದ.

ಹೀಗೆ ನಗುನಗುತ್ತ ಹತ್ತು ವರ್ಷದ ಲೆಕ್ಕ ರಿಜಿಸ್ಟರಿನಲ್ಲಿ ಕೂತಿತ್ತು. ಈ ಹನ್ನೊಂದನೆಯ ವರ್ಷ ನಗು ನಿಂತಿತು. ಹೋದ ವರ್ಷ ನವೆಂಬರಿನ ಮೊದಲ ವಾರದ ಹೊತ್ತಿಗೆ ಮುನ್ನೂರ ಹನ್ನೆರಡು ಹಕ್ಕಿ. ಈ ವರ್ಷ ಅಷ್ಟೇ ದಿನಕ್ಕೆ ನೂರ ಹತ್ತೊಂಬತ್ತು.

ಲಕ್ಷ್ಮಣಪ್ಪನವರು ಮೊದಲು ಹೆಂಡತಿ ಅನುಸೂಯಮ್ಮನವರ ಮೇಲೆ ಗೂಬೆ ಕೂರಿಸಿದರು. ಆಯುಧಪೂಜೆಯ ದಿನ ಅವರು ದುರ್ಬೀನಿಗೂ ಭಕ್ತಿಯಿಂದ ಗಂಧ ಕುಂಕುಮ ಹಚ್ಚಿದ್ದರು, ಅದೂ ಸರಿಯಾಗಿ ಗಾಜಿನ ಮೇಲೆಯೇ. ಲಕ್ಷ್ಮಣಪ್ಪನವರು ಒರೆಸಿದರು, ಊದಿದರು, ಮೆತ್ತನೆಯ ಬಟ್ಟೆ ತಂದು ಮತ್ತೆ ಒರೆಸಿದರು. ಗಾಜು ಫಳಫಳ ಹೊಳೆಯಿತು, ಆಕಾಶ ಮಾತ್ರ ಮಂಕಾಗಿಯೇ ಉಳಿಯಿತು. ಆಮೇಲೆ ಗೂಬೆ ದೀಪಾವಳಿಯ ಹೊಗೆಯ ಮೇಲೆ ಕೂತಿತು. ಅಲ್ಲಿಂದೆದ್ದು ಕ್ವಾರಿಯ ದೂಳಿನ ಮೇಲೆ ಕೂತಿತು. ಕೊನೆಗೆ ಎಲ್ಲಿಯೂ ಕೂರಲಾರದೆ ಲಕ್ಷ್ಮಣಪ್ಪನವರ ಎದೆಯ ಮೇಲೆಯೇ ಕೂತಿತು.

"ನನ್ ಕಾಲದಲ್ಲೇ ಮುಗ್ದೋಯ್ತಲ್ಲಮ್ಮ" ಎಂದರು ಒಂದು ದಿನ, ಹತ್ತು ವರ್ಷದ ಪುಟಗಳನ್ನು ಮೊಣಕಾಲ ಮೇಲೆ ಹರಡಿಕೊಂಡು. "ಎಷ್ಟು ಸಾವಿರ ಮೈಲಿ ಹಾರ್ಕೊಂಡು ಬರೋ ಜೀವಗಳು. ದಾರೀಲಿ ಏನಾಯ್ತೋ ಏನೋ."

ವೇಣಿ ಆ ಪುಟಗಳಿಂದ ಮುಖ ತಿರುಗಿಸಿದಳು. ಯಾಕೆಂದರೆ ಹಕ್ಕಿಗಳಿಗೆ ಏನೂ ಆಗಿರಲಿಲ್ಲ. ಅವಳಿಗೆ ಅವು ಕಾಣುತ್ತಿದ್ದವು.

"ಸಾರ್, ಮೂರು ಸೆಳೆವ. ನೀರಿನ ಟ್ಯಾಂಕಿನ ಬಲಕ್ಕೆ" ಎಂದು ಆ ಬೆಳಗ್ಗೆಯೂ ಕೂಗಿದ್ದಳು. ಸೆಳೆವ ಎಂದರೆ ಹುಲ್ಲುಗಾವಲಿನ ಮೇಲೆ ತಗ್ಗಿ ತೇಲುವ, ಉದ್ದ ಬಾಲದ ಗಿಡುಗ.

"ಎಲ್ಲಮ್ಮ? ಟ್ಯಾಂಕ್ ಕಾಣ್ತಿದೆ."

"ಟ್ಯಾಂಕಿಂದ ಎರಡು ಬೆರಳು ಮೇಲೆ, ಸಾರ್."

"ಹದ್ದಿರ್ಬೇಕು ಬಿಡು."

"ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇದೆ, ಸಾರ್."

"ನಂಗ್ ಕಾಣ್ಲಿಲ್ಲ. ಬರೀಬೇಡ."

ಅವಳು ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬೆನ್ನು ತಿರುಗಿಸಿ ಫೋನಿನಲ್ಲಿ ಬರೆದುಕೊಂಡಳು. ಒಂದು ತಿಂಗಳಿಂದ ಹಾಗೆಯೇ ನಡೆದಿತ್ತು. ಹತ್ತು ಹೆಜ್ಜೆ ದೂರದಲ್ಲಿ ಮಲಕಪ್ಪ ನಿಂತಿದ್ದರೂ "ಯಾರದು?" ಎಂದು ಗುರುಗಳು ಕೇಳುತ್ತಿದ್ದರು. ಇಳಿಯುವಾಗ ಪ್ರತಿ ಕಲ್ಲನ್ನೂ ಕಾಲಿನಿಂದ ತಡವಿ ನೋಡುತ್ತಿದ್ದರು. ಯುಗಾದಿಯಿಂದಲೂ ಅನುಸೂಯಮ್ಮನವರು "ಕಣ್ ತೋರ್ಸಿ, ಕಣ್ ತೋರ್ಸಿ" ಎಂದು ಜಪ ಮಾಡುತ್ತಿದ್ದರು. "ಸೀಸನ್ ಮುಗೀಲಿ" ಎನ್ನುವುದು ಇವರ ಉತ್ತರ.

ಹೇಳಿಬಿಡಬಹುದಿತ್ತು. ಆದರೆ ಗುರುಗಳು ಹಿಂದೊಮ್ಮೆ, "ಅಳೆಯೋನ ಕಣ್ಣು ಹೋದ್ಮೇಲೆ ಅವ್ನು ಮನೇಲಿರ್ಬೇಕು. ನನ್ ಕಣ್ಣು ಹೋದ ದಿನ ನಾನು ಈ ಬೆಟ್ಟ ಹತ್ತಲ್ಲ" ಎಂದಿದ್ದರು. ಅಂದರೆ ಅಂದಂತೆ ನಡೆಯುವ ಮನುಷ್ಯ. ನಿವೃತ್ತಿಯಾದ ಮೇಲೆ ಅವರನ್ನು ಬೆಳಗ್ಗೆ ಎಬ್ಬಿಸುತ್ತಿದ್ದುದು ಈ ಬೆಟ್ಟವೊಂದೇ. ಬೆಟ್ಟ ತಪ್ಪಿಸಿದರೆ ಮನೆಯಲ್ಲಿ ಕೂತು ಅನುಸೂಯಮ್ಮನವರ ಚಪಾತಿಯ ವ್ಯಾಸ ಅಳೆಯುತ್ತಾರೆ. ಅದು ಯಾರಿಗೂ ಒಳ್ಳೆಯದಲ್ಲ, ಚಪಾತಿಗಂತೂ ಅಲ್ಲವೇ ಅಲ್ಲ.

ಅಷ್ಟರಲ್ಲಿ ಬೆಳ್ಳಂದೂರಿನಿಂದ ಸೌಮ್ಯಾಳ ಫೋನು ಬಂತು. ಅಲ್ಲಿನ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗಿ. ಬಾನಾಡಿ ಬಳಗವೆಂಬ ಪಕ್ಷಿಪ್ರಿಯರ ಗುಂಪಿಗಾಗಿ ಎಲ್ಲ ಕಡೆಯ ಲೆಕ್ಕ ಒಟ್ಟುಮಾಡುವವಳು.

"ವೇಣಿ, ಸಾರ್ ನಂಬರ್ಸ್ ನೋಡಿ ಶಾಕ್ ಆಯ್ತು ಕಣ್ರೀ. ಸಿಕ್ಸ್‌ಟಿ ಪರ್ಸೆಂಟ್ ಡೌನ್! ಭಾನುವಾರ ಮೀಟಿಂಗಲ್ಲಿ ಸಾರೇ ಮಾತಾಡ್ತಾರೆ. ಒಬ್ರು ರಿಪೋರ್ಟರ್ ಕೂಡ ಬರ್ತಿದ್ದಾರೆ."

"ಭಾನುವಾರಾನಾ? ಈ ಭಾನುವಾರ?"

"ಹೂಂ. ಸಾರ್ ಲೆಕ್ಕ ಅಂದ್ರೆ ಡೌಟೇ ಇಲ್ವಲ್ಲ. ಅದಕ್ಕೇ ಧೈರ್ಯ."

ವೇಣಿಯ ಧೈರ್ಯ ಅಲ್ಲಿಗೆ ಮುಗಿಯಿತು. ಮೂವತ್ತನಾಲ್ಕು ವರ್ಷ ಒಂದೂ ಸುಳ್ಳು ಅಂಕಿಗೆ ಸಹಿ ಹಾಕದ ಮನುಷ್ಯ ಭಾನುವಾರ ಎಲ್ಲರೆದುರು ಸುಳ್ಳು ಅಂಕಿ ಓದಲಿದ್ದರು. ಸುಮ್ಮನಿದ್ದರೆ ಅವರ ಮಾತು ಹಾಳು, ಹೇಳಿದರೆ ಅವರ ಬೆಟ್ಟ ಹಾಳು.

ಶುಕ್ರವಾರ ಅವಳಿಗೆ ವಾರದ ರಜೆ. ಸಂಜೆ ಲಗ್ಗೆರೆಯ ಬಾಡಿಗೆ ಮನೆಯ ತಾರಸಿಯಲ್ಲಿ ಗಂಡ ಕೃಷ್ಣ ಪಾರಿವಾಳಗಳಿಗೆ ಸಜ್ಜೆ ಎರಚುತ್ತಿದ್ದ. ಹಗಲು ಲೇತ್ ಯಂತ್ರ, ಸಂಜೆ ಪಾರಿವಾಳ, ಇಷ್ಟೇ ಅವನ ಪ್ರಪಂಚ. ರೇಸಿನಲ್ಲಿ ಗೆದ್ದ ಹಕ್ಕಿಗೆ ಬಾದಾಮಿ ತಿನ್ನಿಸುತ್ತಾನೆ, ಹೆಂಡತಿಗೆ ಕಡಲೆಕಾಯಿ ತರುತ್ತಾನೆ ಎಂಬುದು ವೇಣಿಯ ಹಳೆಯ ದೂರು.

"ಸಿಂಪಲ್ ಗುರು. ಸಾರ್, ನಿಮ್ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸ್ಕೊಳ್ಳಿ ಅಂತ ಹೇಳ್ಬಿಡು" ಎಂದ ಕೃಷ್ಣ.

"ನಂಬ್ತಾರಾ? ನಾನು ಹದ್ದನ್ನ ಗಿಡುಗ ಅಂತಿದ್ದೀನಿ ಅಂತಾರೆ. ಅವ್ರಿಗೆ ಬಾಯ್ಮಾತು ಆಗಲ್ಲ, ಅಳತೆ ಬೇಕು."

"ಹಕ್ಕಿ ಎಷ್ಟಿತ್ತು ಅಂತ ಹಕ್ಕೀನೇ ಬಂದು ಸಾಕ್ಷಿ ಹೇಳ್ಬೇಕಾ?"

ವೇಣಿ ಸಜ್ಜೆ ಮುಕ್ಕುತ್ತಿದ್ದ ಪಾರಿವಾಳಗಳನ್ನೇ ನೋಡಿದಳು. ವಲಸೆಯಲ್ಲಿ ಕೊನೆಗೆ ಬರುವ ಸಣ್ಣ ಗಿಡುಗ, ಅಂದರೆ ಚಾಣ, ಹೆಚ್ಚುಕಡಿಮೆ ಇದೇ ಗಾತ್ರದ್ದು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳಿಗೆ ನೆನಪಾಯಿತು. ಲಕ್ಷ್ಮಣಪ್ಪನವರಿಗೆ ಒಂದು ಅಭ್ಯಾಸವಿತ್ತು. ನೂರು ಒಳ್ಳೆಯ ಗೇರುಗಳ ನಡುವೆ ಬೇಕೆಂದೇ ಕೆಟ್ಟದ್ದೊಂದನ್ನು ಸೇರಿಸಿಡುವುದು. ಅದನ್ನು 'ಕಳ್ಳ ಪೀಸು' ಎನ್ನುತ್ತಿದ್ದರು. ತಪಾಸಣೆ ಮಾಡುವವರು ಅದನ್ನು ಹಿಡಿಯುತ್ತಾರೋ ಇಲ್ಲವೋ ನೋಡಬೇಕು. ಮೊದಲ ಸಲ ವೇಣಿ ಹಿಡಿಯಲಿಲ್ಲ. ಅಳುತ್ತ ನಿಂತವಳಿಗೆ ಅವರು ಕಾಫಿ ಕೊಡಿಸಿ, "ನಿನ್ನನ್ನ ಅಲ್ಲಮ್ಮ, ನಿನ್ ಕಣ್ಣನ್ನ ಅಳೆದಿದ್ದು. ಎರಡೂ ಬೇರೆ ಬೇರೆ" ಎಂದಿದ್ದರು.

"ಕೃಷ್ಣ, ನಿನ್ ಹಕ್ಕಿಗಳ್ನ ನಾಳೆ ಬೆಳಗ್ಗೆ ಬಾಡಿಗೆಗೆ ಕೊಡ್ತೀಯಾ?"

"ಗಿಡುಗ ಓಡಾಡೋ ಜಾಗಕ್ಕಾ? ತಲೆ ಕೆಟ್ಟಿದ್ಯಾ ನಿಂಗೆ?"

"ಗಿಡುಗ ಏಳೋಷ್ಟ್ರಲ್ಲಿ ಬಿಟ್ಬಿಡು. ಎಂಟು ಗಂಟೆಗೆ."

ಕೃಷ್ಣ ಅರ್ಧ ಗಂಟೆ ಒದ್ದಾಡಿದ. ಕೊನೆಗೆ, "ನಿಮ್ ಸಾರಿಗೋಸ್ಕರ. ನಿಂಗೋಸ್ಕರ ಅಲ್ಲ" ಎಂದು ಒಪ್ಪಿದ.

ಶನಿವಾರ ಬೆಳಗ್ಗೆ ಎಂಟಕ್ಕೆ ಬೆಟ್ಟದಿಂದ ಅರ್ಧ ಕಿಲೋಮೀಟರು ದೂರದ ಕೆರೆ ಏರಿಯ ಮೇಲೆ ಕೃಷ್ಣ ಎರಡು ಬುಟ್ಟಿ ಇಟ್ಟುಕೊಂಡು ನಿಂತ. ಯಾವ ಬುಟ್ಟಿಯಲ್ಲಿ ಎಷ್ಟು ಎಂಬುದು ವೇಣಿಗೂ ಗೊತ್ತಿರಬಾರದು. ಅಂಕಿ ಬರೆದ ಚೀಟಿ ಅವನ ಜೇಬಿನಲ್ಲಿ ಮಡಚಿಕೊಂಡಿತ್ತು.

ಗಿಡುಗ ಏಳುವ ಮುನ್ನ ಕಣ್ಣಿನ ಕಸರತ್ತೆಂದು ಬೆಳ್ಳಕ್ಕಿಯೋ ಗೊರವಂಕವೋ, ಹಾದುಹೋದ ಯಾವ ಗುಂಪನ್ನಾದರೂ ಎಣಿಸುವುದು ಬೆಟ್ಟದ ಪದ್ಧತಿ. ಇಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದು ಆಮೇಲೆ ಹೋಲಿಸಬೇಕು.

"ಸಾರ್, ಕೆರೆ ಕಡೆಯಿಂದ ಪಾರಿವಾಳ" ಎಂದಳು ವೇಣಿ. ದನಿ ಸಹಜವಾಗಿರಲೆಂದು ಎಷ್ಟು ಎಚ್ಚರ ವಹಿಸಿದಳೆಂದರೆ, ಅದು ರೈಲ್ವೆ ಸ್ಟೇಷನ್ನಿನ ಘೋಷಣೆಯಂತೆ ಬಂತು.

ಗುಂಪು ಮೂರು ಸುತ್ತು ಹಾಕಿ ಹೊರಟುಹೋಯಿತು. ಇಬ್ಬರೂ ಬರೆದರು. ಅವಳದು ಹದಿನೇಳು, ಅವರದು ಹನ್ನೊಂದು.

"ಆರು ಜಾಸ್ತಿ ಬರ್ದಿದೀಯ. ಬೆಳಗ್ಗೆ ತಿಂಡಿ ತಿಂದ್ಯಾ?" ಎಂದರು ಲಕ್ಷ್ಮಣಪ್ಪ.

ಹತ್ತು ನಿಮಿಷಕ್ಕೆ ಎರಡನೆಯ ಗುಂಪು ಎದ್ದಿತು. ಅವಳದು ಹದಿನಾಲ್ಕು, ಅವರದು ಆರು. ಎರಡು ಚೀಟಿಗಳನ್ನೂ ಲಕ್ಷ್ಮಣಪ್ಪನವರು ತುಂಬ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ದುರ್ಬೀನು ಕೆಳಗಿಟ್ಟರು.

"ವೇಣಿ."

"ಸಾರ್."

"ಇಲ್ಲೇ ಇರೋ ಪಾರಿವಾಳಕ್ಕೆ ದಾರಿ ಗೊತ್ತಿರುತ್ತೆ. ಎದ್ರೆ ನೆಟ್ಟಗೆ ಹೋಗುತ್ತೆ. ಮೂರು ಸುತ್ತು ಹಾಕಿ ದಿಕ್ಕು ನೋಡ್ಕೊಂಡು ಹೋಗೋದು ಬುಟ್ಟಿಯಿಂದ ಬಿಟ್ಟ ಹಕ್ಕಿ. ಎರಡು ಗುಂಪೂ ಲಗ್ಗೆರೆ ಕಡೆಗೇ ಹೋದ್ವು." ಅವಳತ್ತ ತಿರುಗಿ ಕೇಳಿದರು. "ಯಾರಮ್ಮ ಇಟ್ಟಿದ್ದು ಕಳ್ಳ ಪೀಸು?"

ವೇಣಿ ಇದಕ್ಕೆ ತಯಾರಾಗಿರಲಿಲ್ಲ. ಹಕ್ಕಿಗಳನ್ನು ಎಣಿಸಲಾಗದ ಕಣ್ಣು ಗುಂಪಿನ ನಡೆಯಲ್ಲೇ ಕಳ್ಳನನ್ನು ಹಿಡಿದಿತ್ತು. ಊರವರ ದನಿಯೆಲ್ಲ ಬರುತ್ತಿದ್ದ ಅವಳ ಬಾಯಿಗೆ ಆ ಹೊತ್ತಿನಲ್ಲಿ ಸ್ವಂತ ದನಿಯೇ ಬರಲಿಲ್ಲ.

"ನಾನೇ ಸಾರ್" ಎಂದಳು ಕೊನೆಗೆ.

ಖಾಲಿ ಬುಟ್ಟಿ ಹೊತ್ತು ಕೃಷ್ಣ ಏದುಸಿರು ಬಿಡುತ್ತ ಹತ್ತಿ ಬಂದ. ಹಿಂದೆಯೇ ಟೀ ಲೋಟಗಳೊಂದಿಗೆ ಮಲಕಪ್ಪನೂ ಬಂದ. ಇಬ್ಬರ ಮುಖ ನೋಡಿ ಕೃಷ್ಣನ ಹಲ್ಲುಗಳು ತುಟಿಯೊಳಕ್ಕೆ ಸೇರಿಕೊಂಡವು. ಲಕ್ಷ್ಮಣಪ್ಪನವರು ಕೈ ಚಾಚಿ ಚೀಟಿ ಇಸಿದುಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು, ನೆರಳಿಗೆ ತಿರುಗಿಸಿದರು. ಮತ್ತೆ ವೇಣಿಗೇ ಕೊಟ್ಟರು.

"ಓದು."

"ಮೊದ್ಲನೇದು ಹದಿನೆಂಟು. ಎರಡ್ನೇದು ಹದಿನಾಲ್ಕು."

"ನೀನೂ ಒಂದು ಬಿಟ್ಟಿದ್ದೀಯ."

"ಹೌದು ಸಾರ್."

"ನಾನು ಹದಿನೈದು."

ಕೆಳಗೆ ಯಾವುದೋ ಕಾರ್ಖಾನೆಯ ಪ್ರೆಸ್ಸು ಧಡ್ ಧಡ್ ಎನ್ನುತ್ತಿತ್ತು. ವೇಣಿ ಕಾಲ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಗುರುಗಳು ಈಗ ಸ್ಟೂಲು ಮಡಚುತ್ತಾರೆ, ರಿಜಿಸ್ಟರು ಕೈಗೆ ಕೊಡುತ್ತಾರೆ ಎಂದುಕೊಂಡಳು.

"ನಾನ್ ಬೇಡ ಅಂದಿದ್ದು, ನೀನೊಬ್ಳೇ ಕಂಡಿದ್ದು, ಎಷ್ಟಾಗಿರಬಹುದು ಇಲ್ಲೀವರ್ಗೆ?"

"ಬರೀಬೇಡ ಅಂದ್ರಲ್ಲ ಸಾರ್."

"ಅಂದೆ. ಬರ್ಕೊಂಡಿದೀಯಾ?"

ಅವಳು ಫೋನು ತೆಗೆದಳು. "ನೂರ ಎಪ್ಪತ್ತೆಂಟು."

ಲಕ್ಷ್ಮಣಪ್ಪನವರ ತುಟಿಗಳು ಅಲ್ಲಾಡಿದವು. ನೂರ ಹತ್ತೊಂಬತ್ತಕ್ಕೆ ನೂರ ಎಪ್ಪತ್ತೆಂಟು ಕೂಡಿದರು, ಮತ್ತೊಮ್ಮೆ ಕೂಡಿದರು. "ಇನ್ನೂರ ತೊಂಬತ್ತೇಳು" ಎಂದರು. "ಹೋದ್ವರ್ಷ ಮುನ್ನೂರ ಹನ್ನೆರಡು. ಈ ವರ್ಷ ಇನ್ನೂರ ತೊಂಬತ್ತೇಳು! ಬಂದಿವೆ ಕಣಮ್ಮ! ಲೇ ಕೃಷ್ಣ, ಬಂದಿವೆ ಕಣೋ, ಎಲ್ಲಾ ಬಂದಿವೆ!"

"ಬಂದಿವೆ ಸಾರ್" ಎಂದ ಕೃಷ್ಣ. ಏನು ಬಂದಿದೆಯೆಂದು ಪೂರ್ತಿ ತಿಳಿಯದಿದ್ದರೂ ಹೂಂಗುಟ್ಟುವುದು ಕ್ಷೇಮವೆನಿಸಿತು.

ಲಕ್ಷ್ಮಣಪ್ಪನವರು ನಕ್ಕರು. ಒಂದು ತಿಂಗಳಿಂದ ಎಲ್ಲೋ ಬೀಗ ಹಾಕಿಟ್ಟಿದ್ದ ನಗು. ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಕರವಸ್ತ್ರದಿಂದ ಒರೆಸಿಕೊಳ್ಳುವವರೆಗೂ ನಕ್ಕರು. "ಅವು ಬರೋ ಹೊತ್ತಿಗೆ ಸರಿಯಾಗಿ ಬಂದಿವೆ. ಕೆಲ್ಸಕ್ಕೆ ಚಕ್ಕರ್ ಹಾಕಿರೋದು ನಾನೊಬ್ನೇ." ತಟಕ್ಕನೆ ಮುಖ ಗಂಟಾಯಿತು. "ಅಲ್ವೇ ವೇಣಿ, ಒಂದು ತಿಂಗ್ಳು! ಒಂದು ತಿಂಗ್ಳು ಅವು ಸತ್ತೋದ್ವು ಅಂತ ನಾನು ಅನ್ನ ಬಿಟ್ಟು ಕೂತಿದ್ದೆ. ಬಾಯಲ್ಲಿ ಏನ್ ಗೇರ್ ಆಯಿಲ್ ತುಂಬ್ಕೊಂಡಿದ್ಯಾ?"

"ಬೈರಿ ಸಾರ್, ಚೆನ್ನಾಗಿ ಬೈರಿ" ಎಂದಳು ವೇಣಿ. ಅವಳಿಗೂ ಅಳು ನಗು ಕಲಸಿಹೋಗಿತ್ತು.

ಬೈಗುಳ ಮುಗಿದ ಮೇಲೆ ಲಕ್ಷ್ಮಣಪ್ಪನವರೇ ಸೌಮ್ಯಾಳಿಗೆ ಫೋನು ಮಾಡಿಸಿದರು.

"ಅಮ್ಮಾ ಸೌಮ್ಯಾ, ಅರವತ್ತು ಪರ್ಸೆಂಟ್ ಇಳಿದಿರೋದು ಹಕ್ಕಿ ಅಲ್ಲ, ನನ್ ಕಣ್ಣು. ಆ ಅಂಕಿ ಎಲ್ಲೂ ಹಾಕ್ಬೇಡ."

"ಸಾರ್... ಹಾಗಾದ್ರೆ ಭಾನುವಾರ ನಿಮ್ ಟಾಕು?"

"ಬರ್ತೀನಿ. ಲೆಕ್ಕ ಹೆಂಗೆ ತಪ್ತು ಅಂತ ಹೇಳ್ತೀನಿ. ಆ ರಿಪೋರ್ಟರ್‌ಗೂ ಇರು ಅಂತ ಹೇಳು."

ಎರಡನೆಯ ಫೋನು ಮನೆಗೆ. "ಅನು, ಆ ಕಣ್ಣಿನ ಡಾಕ್ಟ್ರು ಸೋಮವಾರ ಇರ್ತಾರಾ ವಿಚಾರಿಸು." ಆ ಕಡೆಯಿಂದ ಅನುಸೂಯಮ್ಮನವರು ಹೇಳಿದ್ದು ಸ್ಪೀಕರ್ ಹಾಕದಿದ್ದರೂ ಮಲಕಪ್ಪನವರೆಗೆ ಕೇಳಿಸಿತು.

ಆಮೇಲೆ, ವೇಣಿ ಹೆದರಿದ್ದಂತೆಯೇ, ಅವರು ಸ್ಟೂಲು ಮಡಚಿದರು. ರಿಜಿಸ್ಟರನ್ನು ಅವಳ ಕೈಗಿಟ್ಟರು.

"ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊ. ಎರಡು ಜೊತೆ ಕಣ್ಣು ಬೇಕೇ ಬೇಕು."

"ಮಲಕಪ್ಪಣ್ಣ ಇದ್ದಾನೆ, ಎಣಿಸ್ತಾನೆ" ಎಂದಳು ವೇಣಿ.

"ಐನೂರು ಕುರಿ ಓಡೂದ್ರಾಗ ಎಣಿಸೀನ್ರಿ ಅಕ್ಕಾರ" ಎಂದ ಮಲಕಪ್ಪ. "ಆದ್ರ ನನಗ ಎಲ್ಲಾ ಹದ್ದಿನಂಗ ಕಾಣ್ತಾವ. ಯಾವ್ದು ಊರಂದು, ಯಾವ್ದು ಪರವೂರಂದು, ಅದೊಂದು ತಿಳ್ಯಂಗಿಲ್ಲ."

"ಕೇಳಿದ್ರಾ ಸಾರ್? ನಾವು ಎಣಿಸ್ಬೋದು, ಅಷ್ಟೇ. ಯಾವ ಹಕ್ಕಿ ಅಂತ ಹೇಳೋರು ಬೇಡ್ವಾ?"

"ಕಾಣದೇ ಇರೋನು ಏನಮ್ಮ ಹೇಳ್ತಾನೆ?"

"ಈಗ್ತಾನೆ ಲಗ್ಗೆರೆ ಪಾರಿವಾಳ ಅಂತ ಅಡ್ರೆಸ್ ಸಮೇತ ಹೇಳಿದ್ರಲ್ಲ!"

ಲಕ್ಷ್ಮಣಪ್ಪನವರು ತಲೆಯಾಡಿಸಿ ಚೀಲ ಹೆಗಲಿಗೇರಿಸಿದರು. ಇಳಿಯಲು ಎರಡು ಕಲ್ಲು ದಾಟಿಯೂ ಆಗಿತ್ತು. ಅಷ್ಟರಲ್ಲಿ ಮಲಕಪ್ಪ ಕೂಗಿದ.

"ಅಕ್ಕಾರ, ಅಲ್ಲಿ ನೋಡ್ರಿ! ಸಣ್ಣಸಣ್ಣವು, ಗಿರಗಿಟ್ಲಿ ತಿರುಗಿದಂಗ ತಿರುಗ್ಲಾಕತ್ಯಾವ."

ಲಕ್ಷ್ಮಣಪ್ಪನವರ ಕಾಲು ನಿಂತಿತು. ಹಿಂತಿರುಗಿ ನೋಡಲಿಲ್ಲ. ನೋಡಿದರೂ ಪ್ರಯೋಜನವಿರಲಿಲ್ಲ.

"ರೆಕ್ಕೆ ಹೆಂಗಿದೆಯೋ?" ಎಂದರು. "ಅಗಲಾನಾ, ಚೂಪಾ?"

"ಕುಡಗೋಲ ಇದ್ದಂಗ ಅದಾವ್ರಿ ಸಾಹೇಬ್ರ."

"ಕುಡುಗೋಲಾ? ವೇಣಿ, ಬಾಲ?"

"ಉದ್ದ ಇದೆ ಸಾರ್. ರೆಕ್ಕೆ ಒಳಗಡೆ ಬೆಳ್ಳಗಿದೆ, ಕೆಲವಕ್ಕೆ ಮಾತ್ರ."

"ಕೆಲವಕ್ಕೆ ಮಾತ್ರ! ಹಂಗಾದ್ರೆ ಅವು ಗಂಡು. ಅಮೂರ್ ಚಾಣ ಕಣಮ್ಮ, ಸಮುದ್ರ ದಾಟಿ ಆಫ್ರಿಕಾಗೆ ಹೋಗೋವು!" ಎರಡು ಕಲ್ಲನ್ನೂ ಅವರು ಯಾವಾಗ ವಾಪಸು ಹತ್ತಿದರೋ ಯಾರೂ ಕಾಣಲಿಲ್ಲ. "ಕೊಡಿಲ್ಲಿ ರಿಜಿಸ್ಟ್ರು. ಕೃಷ್ಣ, ಆ ಸ್ಟೂಲ್ ಬಿಚ್ಚೋ. ಇಬ್ರೂ ಬೇರೆ ಬೇರೆ ಎಣ್ಸಿ, ಒಬ್ರ ಬಾಯಿ ಒಬ್ರು ನೋಡ್ಬೇಡಿ. ಆತುರ ಬೇಡ, ಸುತ್ತೋದು ಬಿಟ್ಟು ಸಾಲಾಗಿ ಹೊರಟಾಗ ಎಣಿಸ್ಬೇಕು."

ಹಕ್ಕಿಗಳು ಕಾರ್ಖಾನೆಗಳ ಮೇಲೆ ಏರಿ ಏರಿ ಚುಕ್ಕಿಗಳಾಗಿ, ಆಮೇಲೆ ಒಂದರ ಹಿಂದೊಂದು ದಕ್ಷಿಣಕ್ಕೆ ಜಾರಿದವು. ಕೃಷ್ಣ ಬಾಯಿ ತೆರೆದು ನೋಡುತ್ತಿದ್ದ. ಲಕ್ಷ್ಮಣಪ್ಪನವರು ಆಕಾಶಕ್ಕೆ ಬೆನ್ನು ಹಾಕಿ, ರಿಜಿಸ್ಟರನ್ನು ತಮ್ಮದೇ ನೆರಳಿಗೆ ಹಿಡಿದುಕೊಂಡು, ಪೆನ್ನಿನ ತುದಿಯನ್ನು ಹಾಳೆಗೆ ತಾಗಿಸಿ ಕೂತಿದ್ದರು.

"ನಲವತ್ತೊಂದು ಸಾರ್" ಎಂದಳು ವೇಣಿ.

"ನಲವತ್ತೊಂದ್ರಿ" ಎಂದ ಮಲಕಪ್ಪ.

ಲಕ್ಷ್ಮಣಪ್ಪನವರು ದೊಡ್ಡ ಅಂಕಿಗಳಲ್ಲಿ, ಎರಡು ಗೆರೆಯಷ್ಟು ಜಾಗ ತೆಗೆದುಕೊಂಡು ಬರೆದರು.

"ಎಷ್ಟು ಅಂದೆ?"

"ನಲವತ್ತೊಂದು ಸಾರ್."

"ಇನ್ನೊಂದ್ಸಲ ಹೇಳಮ್ಮ."

ವೇಣಿ ಇನ್ನೊಂದು ಸಲ ಹೇಳಿದಳು. ಮಲಕಪ್ಪನಿಗೂ 'ನೀನೂ ಹೇಳು' ಎಂದರು, ಅವನೂ ಹೇಳಿದ. ಹಾಳೆಯ ಮೇಲೆ ಶಾಯಿ ಆಗಲೇ ಒಣಗಿತ್ತು.